ಅಕ್ಕನ ನಲವತ್ತೊಂದು ಟೇಕ್

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಂದಾಜಿನ ಮೇಲೆ ಹೇಳುತ್ತಿರುವ ಮಾತಲ್ಲ ಇದು. ರೇಷ್ಮೆ ಹುಳುವಿನ ಕೋಣೆಯ ಬಾಗಿಲ ಮೇಲೇ ನಮ್ಮ ಮನೆಯ ಗಡಿಯಾರ ತೂಗುಹಾಕಿತ್ತು. ಚಿಲಕಕ್ಕೆ ಕೈ ಹಾಕುವ ಮುಂಚೆ ನಾನು ತಲೆ ಎತ್ತಿ ನೋಡಿದ್ದೆ. ಬಾಗಿಲನ್ನು ಒಂದು ಗೇಣಷ್ಟು ತೆರೆದೆ. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಎರಡು ಅಗ್ಗಿಷ್ಟಿಕೆಗಳಲ್ಲಿ ಇದ್ದಿಲು ಹೊಗೆಯಿಲ್ಲದೆ ಕೆಂಪಗೆ ಉರಿಯುತ್ತಿತ್ತು. ಅವುಗಳ ನಡುವೆ ಮಣೆಯ ಮೇಲೆ, ಗೋಡೆಗೆ ಒರಗಿ, ಮಡಿಸಿದ ಮೊಣಕಾಲ ಮೇಲಿನ ನೋಟ್‌ಬುಕ್ಕಿಗೆ ಕೆನ್ನೆ ಒತ್ತಿಕೊಂಡು ನನ್ನ ಅಕ್ಕ ವಿಮಲ ಕೂತಿದ್ದಳು. ಲಾಂದ್ರದ ಬೆಳಕಿನಲ್ಲಿ ಅವಳ ಮುಖ ಎಣ್ಣೆಸ್ನಾನ ಮಾಡಿ ಬಂದವಳ ಮುಖದಂತೆ ಕೆಂಪೇರಿತ್ತು. ಅಷ್ಟು ಚೆಂದವಾಗಿ ಅವಳು ನನಗೆ ಯಾವತ್ತೂ ಕಂಡಿರಲಿಲ್ಲ. ನಾನು ಸದ್ದಾಗದಂತೆ ಬಾಗಿಲು ಮುಚ್ಚಿದೆ.

ಆ ಬಾಗಿಲನ್ನು ಆಮೇಲೆ ಎಷ್ಟು ಸಾವಿರ ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ಪಾಠ ಹೇಳುತ್ತಿರುವಾಗ, ಬಸ್ಸಿನಲ್ಲಿ ಕೂತಿರುವಾಗ, ಹಾಲು ಉಕ್ಕುವುದನ್ನು ಕಾಯುತ್ತಿರುವಾಗ ಕೈ ತಾನಾಗಿ ಚಿಲಕಕ್ಕೆ ಹೋಗುತ್ತದೆ. ಒಂದೊಂದು ಸಲ ಒಳಗೆ ಹೋಗಿ ಅಕ್ಕನ ಭುಜ ಹಿಡಿದು ಅಲುಗಾಡಿಸುತ್ತೇನೆ. ಒಂದೊಂದು ಸಲ ಅಮ್ಮನನ್ನು ಕೂಗುತ್ತೇನೆ. ಆದರೆ ಎಷ್ಟು ಸಲ ತೆರೆದರೂ ಕೊನೆಗೆ ನಿಜವಾಗಿ ನಡೆದದ್ದೇ ನಡೆಯುತ್ತದೆ. ಹನ್ನೊಂದು ವರ್ಷದ ಹುಡುಗಿ ಬಾಗಿಲು ಮುಚ್ಚಿ ಅಡುಗೆಮನೆಗೆ ಹೋಗುತ್ತಾಳೆ.

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಮೂರು ಮೈಲಿ ನಡೆದರೆ ನಮ್ಮ ಊರು. ಆ ಕಡೆ ಹೊಲವಿದ್ದವರೆಲ್ಲ ರೇಷ್ಮೆ ಹುಳು ಸಾಕುತ್ತಿದ್ದರು, ನಾವೂ ಸಾಕುತ್ತಿದ್ದೆವು. ಸಾಕುತ್ತಿದ್ದೆವು ಎನ್ನುವುದಕ್ಕಿಂತ ಹುಳುಗಳ ಮನೆಯಲ್ಲಿ ನಾವು ಇದ್ದೆವು ಎನ್ನುವುದು ಸರಿ. ಮನೆಯ ದೊಡ್ಡ ಕೋಣೆ, ಒಳ್ಳೆಯ ಕೋಣೆ, ಬೆಚ್ಚಗಿನ ಕೋಣೆ ಅವುಗಳದ್ದು. ಅಪ್ಪ ಜಗಲಿಯಲ್ಲಿ, ಅಪ್ಪನ ತಾಯಿ ಅವ್ವ ಅಡುಗೆಮನೆಯ ಒಲೆಯ ಪಕ್ಕ, ಅಮ್ಮ, ಅಕ್ಕ, ನಾನು ನಡುಮನೆಯ ಒಂದೇ ಚಾಪೆಯ ಮೇಲೆ. ಬೆಳೆ ಬರುವ ತಿಂಗಳಲ್ಲಿ ನಮ್ಮ ಊಟಕ್ಕಿಂತ ಮೊದಲು ಹುಳುಗಳ ಸೊಪ್ಪು. ಒಗ್ಗರಣೆಯ ಘಾಟು ಅವುಗಳಿಗೆ ಆಗದೆಂದು ಆ ತಿಂಗಳೆಲ್ಲ ಸಾರಿಗೆ ಒಗ್ಗರಣೆಯಿಲ್ಲ. ಹುಳು ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಕಲ್ಲಿನಂತೆ ನಿಂತು ಹಳೆಯ ಚರ್ಮ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಬಂದ ಹುಳುವಿನ ಕೋಣೆಯಲ್ಲಿ ಯಾರೂ ಮಾತಾಡಬಾರದು, ತಟ್ಟೆ ಮುಟ್ಟಬಾರದು, ಮಲಗಿದವರನ್ನು ಕೂಡ ಕೂಗಿ ಎಬ್ಬಿಸಬಾರದು. ನಡೆಯಲು ಕಲಿತಾಗಲೇ ನಮಗೆ ಕಲಿಸಿದ ಪಾಠ ಅದು.

ಅದು ನಾಲ್ಕನೆಯ ಜ್ವರ. ಧನುರ್ಮಾಸದ ಚಳಿ. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹತ್ತು ಗಂಟೆಯಾದರೂ ತೋಟದ ಮೇಲಿಂದ ಏಳುತ್ತಿರಲಿಲ್ಲ. ಚಳಿಗೆ ಜ್ವರ ಬಿಡುವುದು ತಡವಾಗುತ್ತದೆಂದು ಅಪ್ಪ ಒಂದರ ಜೊತೆಗೆ ಎರಡನೆಯ ಅಗ್ಗಿಷ್ಟಿಕೆ ಇಟ್ಟರು. ಕಿಟಕಿಗೆ ಗೋಣಿತಾಟು ಬಡಿದು, ಸಂದುಗಳಿಗೆ ಹಳೆಯ ಪೇಪರನ್ನು ಸಗಣಿಯಲ್ಲಿ ಅದ್ದಿ ಮೆತ್ತಿದರು. ಬೇರೆ ದಿನಗಳಲ್ಲಾದರೆ ಮೂರು ಗಂಟೆಗೊಮ್ಮೆ ಸೊಪ್ಪು ಹಾಕಲು ಬಾಗಿಲು ತೆರೆಯುತ್ತಿತ್ತು. ಅಷ್ಟು ವರ್ಷ ನಮ್ಮನ್ನು ಉಳಿಸಿದ್ದು ಅದೇ ಎಂದು ಆಗ ಯಾರಿಗೆ ಗೊತ್ತಿತ್ತು? ಜ್ವರದ ದಿನ ಸೊಪ್ಪಿಲ್ಲ, ಬಾಗಿಲು ತೆರೆಯುವ ಕೆಲಸವೂ ಇಲ್ಲ. ಒಬ್ಬರು ಒಳಗೆ ಕೂತು ಬೆಂಕಿ ಆರದಂತೆ ನೋಡಿಕೊಂಡರೆ ಸಾಕು. ನಸುಕಿನ ನಾಲ್ಕು ಗಂಟೆಗೆ ಅಪ್ಪ ಎದ್ದು ಹೊರಬರುತ್ತಿದ್ದರು, ಅಕ್ಕ ಒಳಗೆ ಹೋಗುತ್ತಿದ್ದಳು. ಅವಳೇ ಕೇಳಿ ಪಡೆದ ಪಾಳಿ ಅದು. ಬೆಚ್ಚಗೆ ಕೂತು ಓದಬಹುದು ಎಂದು.

ಓದುವ ಅವಸರ ಅವಳಿಗಿತ್ತು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಹೋಗಿತ್ತು. ಇದೊಂದು ಸಲ ಕಟ್ಟಲಿ, ಹೋದರೆ ಮದುವೆ ಎಂದು ಅಪ್ಪ ಒಪ್ಪಿದ್ದರು. ಶಿಡ್ಲಘಟ್ಟದ ಇಂಗ್ಲಿಷ್ ಮೇಷ್ಟ್ರು ಅವಳಿಗೆ ಒಂದು ಉಪಾಯ ಹೇಳಿಕೊಟ್ಟರು. ಇಂಗ್ಲಿಷಿನಲ್ಲಿ ನಾಲ್ಕಾರು ಸಣ್ಣ ಕ್ರಿಯಾಪದಗಳಿವೆ, ಇಡೀ ಭಾಷೆಯನ್ನು ಹೊತ್ತಿರುವುದು ಅವೇ, ಮೊದಲು ಟೇಕ್ ಎಂಬುದೊಂದನ್ನು ಪೂರ್ತಿ ಹಿಡಿ, ಉಳಿದದ್ದು ತಾನಾಗಿ ಬರುತ್ತದೆ ಎಂದು. ಅಕ್ಕ ಅವರ ಡಿಕ್ಷನರಿ ತಂದು ಟೇಕ್ ಪದದ ಉಪಯೋಗಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ನಲವತ್ತೊಂದು ಬಂತು. ಡಿಕ್ಷನರಿಯ ಉದಾಹರಣೆಗಳಲ್ಲಿ ಹಡಗು, ಕೋಟೆ, ದೊರೆಮಕ್ಕಳು. ಅವು ಅವಳ ತಲೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಒಂದೊಂದಕ್ಕೂ ನಮ್ಮ ಮನೆಯಿಂದಲೇ ಒಂದು ಉದಾಹರಣೆ ಹುಡುಕಿ ಪಕ್ಕದಲ್ಲಿ ಬರೆದಳು. ಟೇಕ್ ಆಫ್ಟರ್ ಎಂದರೆ ಹೋಲುವುದು: ಶಾರಿಯ, ಅಂದರೆ ನನ್ನ, ಮೂಗು ಅವ್ವನ ಮೂಗು. ಟೇಕ್ ಟು ಎಂದರೆ ಹಚ್ಚಿಕೊಳ್ಳುವುದು: ಬೆಕ್ಕು ಅಮ್ಮನನ್ನು. ಟೇಕ್ ಇನ್ ಎಂದರೆ ಸಡಿಲವಾದ ರವಿಕೆ ಹಿಡಿಸುವುದು. ಅದೇ ಟೇಕ್ ಇನ್ ಎಂದರೆ ಮೋಸ ಮಾಡುವುದು, ಹುಳುವಿನ ಮೊಟ್ಟೆ ಮಾರುವವನು ಅಪ್ಪನಿಗೆ. ಟೇಕ್ ಡೌನ್ ಎಂದರೆ ಅಟ್ಟದಿಂದ ತಟ್ಟೆ ಇಳಿಸುವುದು, ಮೇಷ್ಟ್ರು ಹೇಳಿದ್ದು ಬರೆದುಕೊಳ್ಳುವುದು ಕೂಡ. ಟೇಕ್ ಓವರ್ ಎಂದರೆ ನಾಲ್ಕು ಗಂಟೆಗೆ ಅಪ್ಪನಿಂದ ಬೆಂಕಿಯ ಕಾವಲು. ನಮ್ಮ ಮನೆಯ ಜಗಳ, ಊಟ, ಕಾಯಿಲೆ, ಬೆಕ್ಕು, ಮೂಗು ಎಲ್ಲವೂ ಆ ಒಂದು ಪದದ ಅಡಿಯಲ್ಲಿ ನಂಬರು ಹಾಕಿಸಿಕೊಂಡು ಕೂತವು. ಸೊಪ್ಪು ಹೆಚ್ಚುವಾಗ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮನಿಗೆ ಕೇಳಿ ಕೇಳಿ ಪೂರ್ತಿ ಪಟ್ಟಿ ಬಾಯಿಪಾಠವಾಗಿತ್ತು.

"ಒಂದು ಮಾತಿನ ತಲೆಮೇಲೆ ಇಷ್ಟೊಂದು ಕೆಲ್ಸ ಹೊರಿಸಿದ್ದಾರಲ್ಲೇ! ಪಾಪ, ಈ ಮನೆ ಸೊಸೆ ಥರ," ಎಂದು ಅಮ್ಮ ಅವ್ವನಿಗೆ ಕೇಳಿಸುವಂತೆ ಹೇಳುತ್ತಿದ್ದಳು.

ಅವ್ವ ತೆಲುಗು ಸೀಮೆಯ ಹೆಣ್ಣು.

"ಟೇಕು ಅಂದ್ರೆ ಮರ ಕಣಮ್ಮ. ಬಾಗ್ಲು ಮಾಡಿಸ್ತಾರೆ. ಅದನ್ನ ಯಾಕೆ ಬೆಳಿಗ್ಗೆಯಿಂದ ಒದರ್ತೀಯ ನಾ ತಲ್ಲಿ?" ಎಂದು ಅವ್ವ ಮಾತು ಮರೆಸುತ್ತಿದ್ದಳು.

ಪಟ್ಟಿ ಒಪ್ಪಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ನೋಟ್‌ಬುಕ್ ಹಿಡಿದು ಕೂರಬೇಕು, ಅವಳು ಒಂದರಿಂದ ನಲವತ್ತೊಂದರವರೆಗೆ ಹೇಳಬೇಕು, ನಡುವೆ ತಪ್ಪಿದರೆ ಮತ್ತೆ ಒಂದರಿಂದ. ನನಗೆ ಅದು ಸಾಕುಸಾಕಾಗಿತ್ತು. ಆ ಬೆಳಿಗ್ಗೆ ಅಮ್ಮ "ಕಾಫಿ ಆಯ್ತು, ಅಕ್ಕನ್ನ ಕರ್ಕೊಂಡು ಬಾರೇ" ಎಂದು ಕಳಿಸಿದಾಗ, ಎಬ್ಬಿಸಿದರೆ ಹಿಡಿದು ಕೂರಿಸುತ್ತಾಳೆ ಎಂಬುದೇ ನನ್ನ ತಲೆಯಲ್ಲಿತ್ತು. ಜ್ವರದ ಕೋಣೆಯಲ್ಲಿ ಎಬ್ಬಿಸಬಾರದು ಎಂಬ ನಿಯಮ ನೆನಪಾಯಿತು, ನಿಜ. ಆದರೆ ನೆನಪಾದದ್ದು ಎರಡನೆಯದಾಗಿ. ಅಡುಗೆಮನೆಗೆ ಹೋಗಿ ನಾನು ಹೇಳಿದ ಮಾತು ಇದು:

"ಓದ್ತಾ ಇದ್ದಾಳೆ. ಆಮೇಲೆ ಬರ್ತೀನಿ ಅಂದ್ಲು."

ಏಳು ಗಂಟೆಗೆ ಇದ್ದಿಲು ಹಾಕಲು ಹೋದ ಅಪ್ಪನ ಕೂಗು ಕೇಳಿಸಿತು. ಹುಳುವಿನ ಕೋಣೆಯಲ್ಲಿ ಯಾರಾದರೂ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕನನ್ನು ಎಳೆದು ಅಂಗಳದ ಮಂಜಿನಲ್ಲಿ ಮಲಗಿಸಿದರು. ಕೈ ಎತ್ತಿದರೆ ಬೀಳುತ್ತಿತ್ತು. ಮುಖ ಮಾತ್ರ ಹಾಗೇ ಕೆಂಪಗೆ. ಎತ್ತಿನ ಗಾಡಿಯಲ್ಲಿ ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಮ್ಮ ಅವಳ ಕೆನ್ನೆಗೆ ಹೊಡೆಯುತ್ತಿದ್ದಳು. ಅಲ್ಲಿಯ ಡಾಕ್ಟರು ಎಷ್ಟು ಹೊತ್ತಿನಿಂದ ಪ್ರಜ್ಞೆ ಇಲ್ಲ ಎಂದು ಕೇಳಿದರು.

"ಆರೂ ಹತ್ತಕ್ಕೆ ಮಾತಾಡಿದ್ದಾಳೆ ಸ್ವಾಮಿ, ಇವಳ ಹತ್ರ," ಎಂದು ಅಮ್ಮ ನನ್ನನ್ನು ಮುಂದೆ ನೂಕಿದಳು. "ಹೇಳೇ."

ನಾನು ತಲೆಯಾಡಿಸಿದೆ. ಹಾಗಾದರೆ ಬಹಳ ಹೊತ್ತಾಗಿಲ್ಲ, ಅದೃಷ್ಟ ಎಂದರು. ಮಧ್ಯಾಹ್ನ ಅಕ್ಕ ಕಣ್ಣು ತೆರೆದಳು. ಮೂರನೆಯ ದಿನ ಮನೆಗೆ ಕಳಿಸಿದರು.

ಹುಳುಗಳಿಗೆ ಏನೂ ಆಗಿರಲಿಲ್ಲ. ಜ್ವರ ಬಿಟ್ಟು ಎದ್ದು, ಮಳೆ ಬಂದಂಥ ಸದ್ದು ಮಾಡುತ್ತ ಸೊಪ್ಪು ತಿಂದವು. ಆ ಸಲದಷ್ಟು ಗಟ್ಟಿಯಾದ ಗೂಡು ನಮ್ಮ ಮನೆಯಲ್ಲಿ ಹಿಂದೆಂದೂ ಕಟ್ಟಿರಲಿಲ್ಲ. ಹುಳುಗಳಿಗೆ ಏನೂ ಆಗದಿದ್ದದ್ದು ಯಾಕೆಂದು ತಿಳಿದದ್ದು ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ. ಮುಚ್ಚಿದ ಕೋಣೆಯ ಇದ್ದಿಲಿನಿಂದ ಬರುವ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಹಿಡಿಯುವುದು ಕೆಂಪು ರಕ್ತವನ್ನು. ಹುಳುವಿಗೆ ಕೆಂಪು ರಕ್ತವಿಲ್ಲ. ಸಾಯುವವರ ಮುಖ ಆಗ ಅರಳಿದಂತೆ ಕೆಂಪಾಗುತ್ತದೆ ಎಂಬ ಸಾಲು ಓದಿದಾಗ ಪುಸ್ತಕ ಮುಚ್ಚಿ ಲ್ಯಾಬಿನಿಂದ ಹೊರಗೆ ಬಂದು ಕಂಬ ಹಿಡಿದು ನಿಂತಿದ್ದೆ.

ಇಪ್ಪತ್ತು ದಿನ ಅಕ್ಕ ಚೆನ್ನಾಗಿದ್ದಳು. ಪಟ್ಟಿ ಒಪ್ಪಿಸಿದಳು, ನನ್ನ ಜೊತೆ ಜಗಳವಾಡಿದಳು. ಆಮೇಲೆ ಒಂದು ಮಧ್ಯಾಹ್ನ ಅನ್ನದ ತಟ್ಟೆಯ ಮುಂದೆ ಕೂತು, ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಇದ್ದಳು. ಕಲಸಬೇಕು ಎಂಬುದು ಅವಳಿಗೆ ಮರೆತುಹೋಗಿತ್ತು. ನಾವು ನಕ್ಕೆವು. ಅವಳೂ ನಕ್ಕಳು, ಯಾಕೆಂದು ತಿಳಿಯದ ನಗು. ವಾರದೊಳಗೆ ಸೀರೆಯ ನೆರಿಗೆ ಹಿಡಿಯುವುದು ಹೋಯಿತು. ನನ್ನ ಹೆಸರು ಹೋಯಿತು. ನಡೆಯುತ್ತ ನಡೆಯುತ್ತ ನಿಂತುಬಿಡುತ್ತಿದ್ದಳು, ಒಂದು ಕಾಲು ಹೊಸ್ತಿಲ ಈಚೆ, ಒಂದು ಆಚೆ. ಎಲ್ಲರೂ ಮಲಗಿದ ಮೇಲೆ ಎದ್ದು ಹೊರಟುಬಿಡುತ್ತಿದ್ದಳು. ಒಮ್ಮೆ ಅಪ್ಪ ಅವಳನ್ನು ತೋಟದ ಬಾವಿಯ ಕಟ್ಟೆಯ ಮೇಲಿಂದ ಎತ್ತಿಕೊಂಡು ಬಂದರು. ಅಂದಿನಿಂದ ಅಮ್ಮ ತನ್ನ ಸೆರಗಿಗೆ ಅಕ್ಕನ ಸೆರಗು ಗಂಟು ಹಾಕಿಕೊಂಡು, ಗೋಡೆಗೆ ಒರಗಿ ಕೂತೇ ಬೆಳಗು ಮಾಡತೊಡಗಿದಳು. ಅಪ್ಪನೂ ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಮನೆಯಲ್ಲಿ ಯಾರೂ ಪೂರ್ತಿ ನಿದ್ದೆ ಮಾಡಲಿಲ್ಲ.

ಹಗಲು ಅಮ್ಮ ನೋಟ್‌ಬುಕ್ ಹಿಡಿದು ಅಕ್ಕನ ಮುಂದೆ ಕೂರುತ್ತಿದ್ದಳು. ಅದು ತಲೆಕೆಳಗಾಗಿರುತ್ತಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ.

"ಹೇಳು ಕಂದ. ಟೇಕ್ ಆಫ್ಟರ್. ಯಾರ ಮೂಗು? ಟೇಕ್ ಟು. ಬೆಕ್ಕು ಯಾರ ಹಿಂದೆ ಹೋಗುತ್ತೆ? ಹೇಳಮ್ಮ. ನೀನೇ ಬರ್ದಿದ್ದೀಯಲ್ಲ, ನಮ್ಮನೇದೇ ಅಲ್ವಾ ಎಲ್ಲಾ."

ಅಕ್ಕ ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ನಲವತ್ತೊಂದರಲ್ಲಿ ಮೂರು ಹೇಳಿದರೆ ಅದು ಒಳ್ಳೆಯ ದಿನ. ಕಂಬದ ಹಿಂದೆ ನಿಂತು ನಾನೂ ಎಣಿಸುತ್ತಿದ್ದೆ. ಒಂದೊಂದು ಉತ್ತರ ಬಂದಾಗಲೂ ಬದುಕಿದೆ ಎನಿಸುತ್ತಿತ್ತು, ಮರುಕ್ಷಣ ಭಯ. ಎಲ್ಲ ನೆನಪಾದರೆ ಆ ಬೆಳಿಗ್ಗೆಯೂ ನೆನಪಾಗುತ್ತದಲ್ಲ? ಆಮೇಲೆ ಬರ್ತೀನಿ ಎಂದು ತಾನು ಹೇಳಲೇ ಇಲ್ಲ ಎಂದು ಹೇಳಿಬಿಟ್ಟರೆ? ಅಕ್ಕ ಉಳಿಯಲಿ ಎಂದು ದೇವರ ಮುಂದೆ ನಿಂತವಳು, ಅದೊಂದು ಮಾತ್ರ ಅವಳಿಗೆ ಬಾರದಿರಲಿ ಎಂದೂ ಅದೇ ಉಸಿರಿನಲ್ಲಿ ಕೇಳಿಕೊಂಡೆ.

ಅವ್ವ ಅಕ್ಕನ ತೋಳಿಗೆ ಅಂತ್ರ ಕಟ್ಟಿಸಿದಳು. ಊರವರು ಹುಡುಗಿಗೆ ಬುದ್ಧಿ ಭ್ರಮಣೆ, ಓದಿ ಓದಿ ಹೀಗಾಯಿತು ಎಂದರು. ಕೊನೆಗೆ ಅಪ್ಪ ಅಮ್ಮ ಅವಳನ್ನು ಚಿಕ್ಕಬಳ್ಳಾಪುರದ ಒಬ್ಬ ವಯಸ್ಸಾದ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಅಕ್ಕ ಬಸ್ಸಿನಲ್ಲಿ ನನ್ನ ಕೈ ಹಿಡಿದರೆ ಮಾತ್ರ ಕೂರುತ್ತಿದ್ದಳೆಂದು ನನ್ನನ್ನೂ ಕರೆದೊಯ್ದರು. ಹೆಸರು ತಿಳಿಯದಿದ್ದರೂ ಕೈ ತಿಳಿದಿತ್ತು ಅವಳಿಗೆ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು, ಮಂಡಿಗೆ ಸುತ್ತಿಗೆಯಿಂದ ತಟ್ಟಿ, ನಡೆಸಿ ನೋಡಿದರು. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಎಂಬ ಅದೇ ಪ್ರಶ್ನೆ ಮತ್ತೆ ಬಂತು, ಅಮ್ಮನಿಂದ ಅದೇ ಉತ್ತರ.

"ಅಷ್ಟು ಸ್ವಲ್ಪ ಹೊತ್ತಿಗೆ ಹೀಗಾಗೋದಿಲ್ಲಮ್ಮ," ಎಂದರು ಡಾಕ್ಟರು. "ಇದು ಇದ್ದಿಲ ಗಾಳಿಯಿಂದ ಆದದ್ದಲ್ಲ ಅನ್ಸುತ್ತೆ. ಮನಸ್ಸಿನ ಕಾಯಿಲೆ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಬರ್ಕೊಡ್ತೀನಿ. ಸೋಮವಾರವೇ ಸೇರಿಸಿ."

"ಒಬ್ಬಳನ್ನೇ ಬಿಟ್ಟು ಬರ್ಬೇಕಾ ಸ್ವಾಮಿ?" ಎಂದರು ಅಪ್ಪ.

"ಅಲ್ಲಿ ಜೊತೆಗೆ ಯಾರನ್ನೂ ಇಟ್ಕೊಳ್ಳಲ್ಲ."

ಅವರು ಪೆನ್ನಿನ ಕ್ಯಾಪು ತೆಗೆದರು. ಅಕ್ಕ ನನ್ನ ಕೈ ಹಿಡಿದು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಕಾಗದದ ಮೇಲೆ ನಿಬ್ಬು ಕರಕರ ಎನ್ನತೊಡಗಿತು. ಆ ಸದ್ದು ಒಂದು ಸಾಲು ಹೋಯಿತು, ಎರಡನೆಯ ಸಾಲು ಶುರುವಾಯಿತು.

"ಅವಳು ಮಾತಾಡ್ಲಿಲ್ಲ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

"ಆರೂ ಹತ್ತಕ್ಕೆ ಅವಳು ಮಾತಾಡ್ಲಿಲ್ಲ. ಮಲ್ಗಿದ್ಲು. ಮುಖ ಕೆಂಪಗಿತ್ತು. ನಾನೇ ಸುಳ್ಳು ಹೇಳ್ದೆ."

ಡಾಕ್ಟರು ಪೆನ್ನು ಇಟ್ಟರು. ಒಳಗೆ ಹೋದದ್ದು ಎಷ್ಟು ಹೊತ್ತಿಗೆ, ಅಗ್ಗಿಷ್ಟಿಕೆ ಎಷ್ಟು, ಕಿಟಕಿ ಎಷ್ಟು ಎಂದು ಅಪ್ಪನನ್ನು ಒಂದೊಂದಾಗಿ ಕೇಳಿದರು. ಆಮೇಲೆ ಬರೆದ ಕಾಗದವನ್ನು ನಾಲ್ಕಾಗಿ ಹರಿದರು.

"ಹಾಗಾದ್ರೆ ಇದು ಹುಚ್ಚಲ್ಲ. ಇದ್ದಿಲ ಗಾಳಿ. ಬಹಳ ಹೊತ್ತು ಕುಡಿದವರಿಗೆ ಮೊದಲು ಸರಿಹೋಗಿ ಆಮೇಲೆ ಹೀಗೆ ತಿರುಗೋದುಂಟು. ಯುದ್ಧದ ಕಾಲದಲ್ಲಿ ಒಬ್ಬನ್ನ ನೋಡಿದ್ದೆ. ನಿಧಾನವಾಗಿ ವಾಪಸ್ ಬಂದ. ಎಲ್ಲಾ ಬರುತ್ತೆ ಅಂತ ಹೇಳಲಾರೆ. ಕಾಯಿರಿ. ಮನೇಲೇ, ಗೊತ್ತಿರೋ ಜನದ ಮಧ್ಯೆ. ಒಬ್ಬಳನ್ನೇ ಬಿಡಬೇಡಿ."

ಅಮ್ಮ ನನ್ನನ್ನು ಹೊಡೆಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕನ ಇನ್ನೊಂದು ಪಕ್ಕದಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದಳು. ಅಂದಿನಿಂದ ನನ್ನೊಡನೆ ನೇರವಾಗಿ ಮಾತಾಡಲಿಲ್ಲ. "ಊಟಕ್ಕೆ ಬರೋರು ಬರ್ಬಹುದು" ಎಂದು ಗೋಡೆಗೆ ಹೇಳುತ್ತಿದ್ದಳು. ಅಕ್ಕನ ಕಾವಲಿಗೆ ನಾನು ಹತ್ತಿರ ಹೋದರೆ ತಾನೇ ಎದ್ದು ಬಂದು ಕೂರುತ್ತಿದ್ದಳು. ನಾನು ತೋಟದ ಬದುವಿನ ಮೇಲೆ ಕೂತು ಅಳುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಬಂದು ಕೂತರು. ಕುಡುಗೋಲಿನ ಮೊನೆಯಿಂದ ಮಣ್ಣು ಕೆದಕಿದರು.

"ನಾನು ಕಿಟಕಿ ಮುಚ್ದೆ, ನೀನು ಬಾಗ್ಲು ಮುಚ್ದೆ," ಎಂದರು. "ಏಳು, ಸೊಪ್ಪು ಹೊರಣ."

ಅದಕ್ಕಿಂತ ಹೆಚ್ಚಿನ ಸಮಾಧಾನ ನನಗೆ ಜೀವನದಲ್ಲಿ ಯಾರೂ ಹೇಳಲಿಲ್ಲ.

ಪರೀಕ್ಷೆಯ ದಿನಗಳು ಬಂದು ಹೋದವು. ಆ ಸುದ್ದಿ ಯಾರೂ ಎತ್ತಲಿಲ್ಲ. ಅಮ್ಮ ಮಾತ್ರ ಪಟ್ಟಿ ಬಿಡಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ, ಹದಿನಾಲ್ಕನೆಯದಾದ ಟೇಕ್ ಆಫ್ಟರ್ ಕೇಳಿದಾಗ, ಅಕ್ಕ ಬಹಳ ಹೊತ್ತು ಯೋಚಿಸಿ ಕಂಬದ ಹಿಂದಿದ್ದ ನನ್ನ ಕಡೆ ಬೆರಳು ತೋರಿಸಿದಳು.

"ಮೂಗು. ಅವ್ವನ ಮೂಗು."

ಒಲೆಯ ಮುಂದಿದ್ದ ಅವ್ವ ಎದ್ದು ಬಂದು ಅಕ್ಕನ ಕೈಯನ್ನು ತನ್ನ ಮೂಗಿಗೇ ಒತ್ತಿಕೊಂಡಳು. "ಇದೇ ತಲ್ಲಿ, ಇದೇ! ಸೊಟ್ಟ ಮೂಗು. ಹೇಳು, ಇನ್ನೂ ಹೇಳು."

ಹೀಗೇ ಬಂದವು. ಮೊದಲು ಮನೆ ಬರುತ್ತಿತ್ತು, ವಾರ ಬಿಟ್ಟು ಅದರ ಹಿಂದೆ ಇಂಗ್ಲಿಷು. ಬೆಕ್ಕು ಬಂತು, ಆಮೇಲೆ ಟೇಕ್ ಟು. ರವಿಕೆ ಬಂತು. ಮೊಟ್ಟೆ ಮಾರುವವನ ಮೋಸ ಬಂದಾಗ ಅವನಿಗೆ ಒಂದು ಬೈಗುಳವೂ ಸೇರಿ ಬಂತು, ಆಗ ಅಪ್ಪ ತಿಂಗಳುಗಳ ಮೇಲೆ ಮೊದಲ ಸಲ ನಕ್ಕರು. ಪಟ್ಟಿಯಲ್ಲಿದ್ದದ್ದಷ್ಟೇ ಅಲ್ಲ, ಅನ್ನ ಕಲಸುವುದು, ನೆರಿಗೆ ಹಿಡಿಯುವುದು, ನನ್ನ ಹೆಸರು. ಮಳೆ ಹಿಡಿಯುವ ಹೊತ್ತಿಗೆ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಉಳಿದ ಹನ್ನೆರಡು ಬರಲೇ ಇಲ್ಲ, ಇವತ್ತಿಗೂ ಇಲ್ಲ. ಆ ಬೆಳಿಗ್ಗೆಯೂ ಬರಲಿಲ್ಲ. ನಾನು ಬಾಯಿಬಿಡದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೆ ಅಕ್ಕ ಆ ಸೋಮವಾರ ಬೆಂಗಳೂರಿಗೆ ಹೋಗುತ್ತಿದ್ದಳು.

ಆಷಾಢದಲ್ಲಿ ಅಪ್ಪ ಗೂಡು ಮಾರಲು ಹೋಗಿ ಮಳೆಗೆ ಶಿಡ್ಲಘಟ್ಟದಲ್ಲೇ ಉಳಿದರು. ಅವ್ವ ಮಗಳ ಮನೆಗೆ ಹೋಗಿದ್ದಳು. ಐದು ತಿಂಗಳಿಂದ ಕೂತೇ ಬೆಳಗು ಮಾಡಿದ್ದ ಅಮ್ಮ ಅಂದು ಸಂಜೆ ಒಲೆಯ ಮುಂದಿನಿಂದ ಏಳಲಾರದೆ ಹೋದಳು. ಮೈ ಸುಡುತ್ತಿತ್ತು. ಗೋಡೆ ಹಿಡಿದು ನಡುಮನೆಗೆ ಬಂದು, ಚಾಪೆಯ ಮೇಲೆ ಬಿದ್ದು, ತನ್ನ ಸೆರಗಿನಿಂದ ಅಕ್ಕನ ಸೆರಗು ಬಿಚ್ಚಿದಳು. ಅದರ ತುದಿಯನ್ನು ನನ್ನ ಲಂಗದ ಲಾಡಿಗೆ ಎರಡು ಗಂಟು ಹಾಕಿದಳು. ಅವಳ ಬೆರಳು ನನ್ನ ಹೊಟ್ಟೆಗೆ ಬಿಸಿಯಾಗಿ ತಗುಲಿದವು.

"ಶಾರಿ," ಎಂದಳು. "ಇವತ್ತು ನೀನು ನೋಡ್ಕೋ."

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ನಾನು ಗೋಡೆಗೆ ಒರಗಿ ಕೂತೆ. ರೆಪ್ಪೆ ಮುಚ್ಚದಂತೆ ತೊಡೆ ಚಿವುಟಿಕೊಂಡೆ. ಪಟ್ಟಿಯನ್ನು ಒಂದರಿಂದ ಹೇಳಿಕೊಂಡೆ. ಎಷ್ಟರವರೆಗೆ ಹೋದೆನೋ ತಿಳಿಯದು.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಲಾಡಿಯಲ್ಲಿ ಗಂಟಿರಲಿಲ್ಲ. ಪಕ್ಕದ ಜಾಗ ಖಾಲಿ. ಬಾವಿ ಎಂದುಕೊಂಡೆ. ಎದ್ದು ಜಗಲಿಗೆ ಓಡಿದೆ. ಅಕ್ಕ ಕಂಬಕ್ಕೆ ಒರಗಿ ಕೂತು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನೆರಿಗೆ ತಾನೇ ಹಿಡಿದು ಸೀರೆ ಉಟ್ಟಿದ್ದಳು.

"ಮೆಲ್ಲಗೆ ಕಣೇ," ಎಂದಳು, ತಲೆ ಎತ್ತದೆ. "ಅಮ್ಮ ಮಲಗಿದ್ದಾಳೆ. ಎಬ್ಬಿಸ್ಬೇಡ."

ನಾನು ಒಳಗೆ ಹೋದೆ. ಅಮ್ಮ ಅಂಗಾತ ಬಿದ್ದಿದ್ದಳು, ಬಾಯಿ ಅರ್ಧ ತೆರೆದಿತ್ತು, ಹಣೆಯಲ್ಲಿ ಬೆವರು. ಮಂಡಿಯೂರಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬೆರಳಿಗೆ ತಾಗಿತು. ತೆಗೆದು, ಮತ್ತೆ ಹಿಡಿದೆ. ಮತ್ತೆ ತಾಗಿತು. ಬಿಸಿಲು ಗೋಡೆಯಿಂದ ಇಳಿದು ಚಾಪೆಗೆ ಬರುವವರೆಗೂ ಹಾಗೇ ಹಿಡಿದುಕೊಂಡಿದ್ದೆ.